ಮಾವ ಇಂಗ್ಲಿಷ್ ಟೀಚರನ್ನು ಆರಿಸಿದ್ದು

ನನ್ನ ಸೋದರಮಾವ ಅರ್ಧ ಕಿಲೋ ಬದನೆಕಾಯಿ ಆರಿಸುವಷ್ಟರಲ್ಲಿ ಬೇರೆಯವರು ಪುಣೆಯಲ್ಲಿ ಫ್ಲ್ಯಾಟ್ ಕೊಂಡು ಗೃಹಪ್ರವೇಶವನ್ನೂ ಮುಗಿಸಿರುತ್ತಾರೆ! ಒಂದೊಂದು ಕಾಯಿಯನ್ನೂ ಎತ್ತಿ, ತಿರುಗಿಸಿ, ತೊಟ್ಟು ಮುಟ್ಟಿ, ಕುಲಗೋತ್ರ ವಿಚಾರಿಸಿಯೇ ಚೀಲಕ್ಕೆ ಹಾಕುವುದು. ಇಂಥವರ ಪಾಲಿಗೆ ಇಂಗ್ಲಿಷ್ ಕಲಿಸುವವರನ್ನು ಆರಿಸುವ ಕೆಲಸ ಬಂದರೆ?

ಮಾವನದು ಪುಣೆ ಹತ್ತಿರದ ರಾಂಜಣಗಾಂವದಲ್ಲಿ ಇಪ್ಪತ್ತು ಜನರ ಸಣ್ಣ ಕಾರ್ಖಾನೆ; ದೊಡ್ಡ ಕಂಪನಿಗಳಿಗೆ ತಗಡಿನ ಬಿಡಿಭಾಗ ಮಾಡಿಕೊಡುತ್ತಾರೆ. ಕೆಲಸಗಾರರೆಲ್ಲ ಯಾದಗಿರಿ, ಕಲಬುರಗಿ ಕಡೆಯವರು. ತಪಾಸಣೆಗೆ ಬಂದ ವಿದೇಶಿ ಸಾಹೇಬನೊಬ್ಬ ಯಂತ್ರ ತೋರಿಸಿ, ಇದರಿಂದ ಅಪಾಯವಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಮ್ಮ ಕೆಲಸಗಾರನೊಬ್ಬ ಹಲ್ಲು ಬಿಟ್ಟು, "ಯೆಸ್ ಸರ್! ವೆರಿ ಗುಡ್!" ಎಂದ. ಮರುವಾರವೇ ಆ ಸಾಹೇಬನ ಕಂಪನಿಯಿಂದ ಪತ್ರ ಬಂತು: ಕೆಲಸಗಾರರಿಗೆ ಇಂಗ್ಲಿಷ್ ಕಲಿಸಿ, ಇಲ್ಲವಾದರೆ ಹೊಸ ಆರ್ಡರ್ ಇಲ್ಲ.

ಸಂದರ್ಶನಕ್ಕೆ ಮಾವ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲು ಬಂದದ್ದು ಟೈ ಕಟ್ಟಿದ ಬೆಂಗಳೂರಿನ ಯುವಕ.

"ಸರ್, ನಮ್ಮ ಕೋರ್ಸ್ ಮುಗಿದ್ರೆ ನಿಮ್ಮ ಸ್ಟಾಫ್‌ಗೆ ಕಾನ್ಫಿಡೆನ್ಸ್ ಬರುತ್ತೆ."

"ಕಾನ್ಫಿಡೆನ್ಸ್ ಭಾಳ ಅದರಿ. ಅದನ್ನ ಸ್ವಲ್ಪ ಕಮ್ಮಿ ಮಾಡೋ ಕೋರ್ಸ್ ಅದ ಏನ್ರಿ?"

ಎರಡನೆಯವರು ಮೊಬೈಲ್ ಆ್ಯಪ್ ತೋರಿಸಿದರು. ನಾವು ಮಾತಾಡಿದರೆ ಅದು ಉಚ್ಚಾರ ತಿದ್ದುತ್ತದಂತೆ. ಮಾವ ಗಂಟಲು ಸರಿಮಾಡಿಕೊಂಡು "ಮಷೀನ್" ಎಂದರು. "ಟ್ರೈ ಅಗೇನ್" ಎಂದಿತು ಫೋನು. ಆರನೆಯ ಸಲಕ್ಕೆ ಮಾವ ಎದ್ದೇ ನಿಂತರು. "ಇಡೀ ಆಯುಷ್ಯ ಮಷೀನ್ ನಡಸೀನಿ. ಇದು ನನಗ ಮಷೀನ್ ಅನ್ನೋದು ಕಲಸ್ತದ?"

ಹೀಗೆ ಏಳು ಸಂಸ್ಥೆಗಳು ಬಂದ ದಾರಿ ಹಿಡಿದವು. ಕೊನೆಗೆ ಅಲ್ಲೇ ಹತ್ತಿರದ ಶಿರೂರಿನಿಂದ ಬಸ್ಸಿನಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಬಂದರು, ತವರು ಜಮಖಂಡಿ. ಚಹಾ ಬರುವ ಮೊದಲೇ ಯಂತ್ರಗಳ ನಡುವೆ ನಡೆದುಬಿಟ್ಟರು.

"ಆಫೀಸಿನ್ಯಾಗ ಕೂತು ಮಾತಾಡೋಣ ಬರ್ರಿ," ಎಂದರು ಮಾವ.

"ಕಲಿಯೋರು ಇಲ್ಲಿದಾರಲ್ರಿ!" ಎಂದರು ಟೀಚರಮ್ಮ. ಯಾರಿಗೆ ಯಾವ ಮಾತು ಬೇಕಾಗುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿ ವಹಿಯಲ್ಲಿ ಬರೆದುಕೊಂಡರು. ಮಾವ ನಿಂತಲ್ಲೇ ಒಪ್ಪಿದರು. ಅರ್ಧ ಗಂಟೆಯಲ್ಲಿ! ಜ್ವರವೇನಾದರೂ ಬಂದಿದೆಯೇ ಎಂದು ನಾನು ಅವರ ಮುಖ ನೋಡಿದೆ.

ಮೊದಲ ಕ್ಲಾಸಿಗೆ ಮಾವನೂ ಹಿಂದಿನ ಬೆಂಚಿನಲ್ಲಿ ಕೂತರು. "ಇಂಗ್ಲಿಷಿನ್ಯಾಗ ಹೇಳಬೇಕು ಅನಸೋ ಒಂದು ಮಾತು ಹೇಳ್ರಿ," ಎಂದರು ಟೀಚರಮ್ಮ.

"ನಾಳೆ ಸೂಟಿ ಬೇಕ್ರಿ ಸಾಹೇಬ್ರ!" ಎಂದನೊಬ್ಬ. ಚಪ್ಪಾಳೆಯೋ ಚಪ್ಪಾಳೆ. ಕೊನೆಗೆ ಮಾವನ ಸರದಿ.

"'ಡಾಕ್ಟ್ರ, ನನಗ ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ' ಅನ್ನೋದಕ್ಕ ಏನಂತಾರ್ರಿ?"

ನನ್ನ ನಗು ಅಲ್ಲೇ ನಿಂತಿತು. ಅತ್ತೆ ತೀರಿಕೊಂಡ ವರ್ಷ, ದೊಡ್ಡ ಆಸ್ಪತ್ರೆಯ ಡಾಕ್ಟರು ಮಾವನಿಗೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದ್ದರು. ಹೊರಗೆ ಬಂದ ಮಾವ, "ಆರಾಮ ಆಗ್ತಾಳಂತ," ಎಂದಿದ್ದರು. ನಾವೆಲ್ಲ ನಂಬಿದ್ದೆವು.

ಟೀಚರಮ್ಮ ಆ ವಾಕ್ಯವನ್ನು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದರು. ಎಲ್ಲರೂ ಒಟ್ಟಿಗೆ ಓದಿದರು. ಮಾವನ ದನಿ ಮಾತ್ರ ಒಂದೊಂದು ಶಬ್ದ ಹಿಂದೆ ಬರುತ್ತಿತ್ತು.