ದನಿ ರಜೆಯ ಮೇಲಿದ್ದಾಗ

ಮೆಲ್ಲಗೆ ಮಾತಾಡುವವರು ಸಭ್ಯರು, ಜೋರಾಗಿ ಮಾತಾಡುವವರು ಜಗಳಗಂಟರು ಎಂಬ ನಂಬಿಕೆಯಲ್ಲೇ ನಾನು ಬೆಳೆದವನು. ಮೈಸೂರಿನ ನಮ್ಮ ಮನೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಅಪ್ಪನಿಗೆ ಸಿಟ್ಟು ಬಂದರೆ ಅವರ ದನಿ ಇನ್ನಷ್ಟು ಇಳಿಯುತ್ತಿತ್ತು. ತೀರಾ ಸಿಟ್ಟು ಬಂದಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ಬೈಗುಳ ಏನೆಂಬುದನ್ನು ನಾವೇ ಊಹಿಸಿಕೊಂಡು ತಿದ್ದಿಕೊಳ್ಳಬೇಕಾಗಿತ್ತು. ಅಮ್ಮ ಅಡುಗೆಮನೆಯಿಂದ "ಕಾಫಿ ಆರತ್ತೆ ಕಣೋ" ಎಂದು ಪಿಸುಗುಟ್ಟುತ್ತಿದ್ದಳು. ನಮಗೆ ಕೇಳಿಸುವ ಹೊತ್ತಿಗೆ ಅದು ನಿಜವಾಗಿಯೂ ಆರಿರುತ್ತಿತ್ತು. ಇಂಥ ಮನೆಯಿಂದ ಕೆಲಸ ಹುಡುಕಿಕೊಂಡು ಮುಂಬೈಗೆ ಬಂದ ನಾನು ಮದುವೆಯಾದದ್ದು ಗದಗಿನ ಸುಮಂಗಲಾಳನ್ನು. ಅವಳು "ಸಾವಕಾಶ ಹೇಳ್ತೇನ್ರೀ, ಯಾರಿಗೂ ಹೇಳಬ್ಯಾಡ್ರಿ" ಎಂದು ಗುಟ್ಟು ಹೇಳಿದರೆ ವಡಾಲ ಸ್ಟೇಷನ್ನಿನ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೂ ಅದು ತಿಳಿಯುತ್ತಿತ್ತು.

ನಾವು ಭೇಟಿಯಾದದ್ದೂ ಅವಳ ದನಿಯಿಂದಲೇ. ನಮ್ಮ ಕನ್ನಡ ಸಂಘದವರು ಒಂದು ಪೌರಾಣಿಕ ನಾಟಕ ಆಡಿಸುತ್ತಿದ್ದರು. ನನಗೆ ನಟನೆ ಬರುವುದಿಲ್ಲವೆಂದು ಪರದೆಯ ಹಿಂದೆ ನಿಂತು ಮಾತು ಒದಗಿಸುವ ಕೆಲಸ ಕೊಟ್ಟಿದ್ದರು. ನಾನು ಒದಗಿಸಿದೆ. ಎಷ್ಟು ಸಭ್ಯವಾಗಿ ಒದಗಿಸಿದೆನೆಂದರೆ ರಾಜನ ವೇಷದ ಬ್ಯಾಂಕ್ ಮ್ಯಾನೇಜರು ನನ್ನ ಕಡೆ ಕಿವಿ ಚಾಚಿ ಚಾಚಿ, ಕೊನೆಗೆ ಕಿರೀಟ ತೆಗೆದು ಕೈಯಲ್ಲಿ ಹಿಡಿದು "ಏನು?" ಎಂದುಬಿಟ್ಟರು. ಸಭೆ ನಗುತ್ತಿರುವಾಗ ರಾಣಿಯ ಪಾತ್ರದಲ್ಲಿದ್ದ ಹುಡುಗಿ ತನ್ನ ಮಾತಿನ ಜೊತೆಗೆ ರಾಜನ ಮಾತು, ಮಂತ್ರಿಯ ಮಾತು ಎಲ್ಲವನ್ನೂ ತಾನೇ ಹೇಳಿ ನಾಟಕ ಮುಗಿಸಿದಳು. ಹಿಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದವರೂ ಎದ್ದು ಕುಳಿತರು. ಆಮೇಲೆ ಬಣ್ಣ ಒರೆಸಿಕೊಳ್ಳುತ್ತಾ ಅವಳು ನನ್ನ ಹತ್ತಿರ ಬಂದು, "ನಿಮಗ ಆರಾಮ ಇಲ್ಲೇನ್ರೀ? ದನೀನ ಹೊಂಡವಲ್ದಲ್ಲ" ಎಂದು ಕಕ್ಕುಲಾತಿಯಿಂದ ಕೇಳಿದಳು. ನಾನು ಆರಾಮಾಗಿಯೇ ಇದ್ದೇನೆ ಎಂದೆ. ಅದೂ ಅವಳಿಗೆ ಕೇಳಿಸಲಿಲ್ಲ. ಈ ವಿಚಾರಣೆ ಮುಂದುವರಿದು ಮದುವೆಯಲ್ಲಿ ಮುಗಿಯಿತು.

ಸುಮಂಗಲಾ ವಡಾಲದ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಶಾಲೆಯ ಗೋಡೆಯ ಪಕ್ಕದಲ್ಲೇ ಹಾರ್ಬರ್ ಲೈನಿನ ಹಳಿ. ಲೋಕಲ್ ಹೋಗುವಾಗ ಉಳಿದ ಟೀಚರುಗಳು ಪಾಠ ನಿಲ್ಲಿಸುತ್ತಿದ್ದರಂತೆ; ಇವಳು ರೈಲನ್ನೂ ಸೇರಿಸಿಕೊಂಡು ಪಾಠ ಮಾಡುತ್ತಿದ್ದಳು. ಆ ದನಿ ಸಂಜೆ ಹಾಗೆಯೇ ಮನೆಗೂ ಬರುತ್ತಿತ್ತು. ನಾವು ಸಂಸಾರ ಹೂಡಿದ ಹಳೆಯ ಬಿಲ್ಡಿಂಗಿನಲ್ಲಿ ಪ್ರತಿ ಮಹಡಿಗೂ ಉದ್ದನೆಯ ಗ್ಯಾಲರಿ, ಗ್ಯಾಲರಿಗೆ ತೆರೆದುಕೊಂಡ ಬಾಗಿಲುಗಳು. ಹೋದ ಹೊಸತರಲ್ಲಿ ಒಂದು ಭಾನುವಾರ ಕೆಳಮನೆಯ ವಾರಿಜಕ್ಕ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಉಡುಪಿ ಕಡೆಯವರು, ಅವರ ಯಜಮಾನರು ದಾದರಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು. "ಎಂತ ಮಾರಾಯ್ರೆ, ಹೊಸ ಸಂಸಾರ, ಹೀಗೆ ಜಗಳ ಮಾಡಿದ್ರೆ ಹೇಗೆ? ಎಂತ ಇದ್ರೂ ಕೂತು ಮಾತಾಡುವ," ಎಂದು ನಮ್ಮಿಬ್ಬರನ್ನೂ ಕುರ್ಚಿ ಎಳೆದು ಕೂರಿಸಿದರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಸುಮಂಗಲಾ ಮಾತ್ರ ಬೆರಗಾಗಿ, "ಜಗಳ ಯಾರ ಮಾಡಿದ್ರೀ? ನಮ್ಮ ತಂಗಿಗೆ ಗಂಡು ಬಂದೈತಿ ಅಂತ ಇವರಿಗೆ ಹೇಳಾಕತ್ತಿದ್ದೆ," ಎಂದಳು. ವಾರಿಜಕ್ಕ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಾಗಾದ್ರೆ ಜಗಳ ಮಾಡುವಾಗ ಮೊದಲೇ ಹೇಳಿ ಟೀಚರ್, ನಾವು ಊರಿಗೆ ಹೋಗ್ತೇವೆ," ಎಂದು ನಕ್ಕು ಕಾಫಿ ಕುಡಿದು ಹೋದರು. ಅಂದಿನಿಂದ ಅವರಿಬ್ಬರೂ ಜೀವದ ಗೆಳತಿಯರು.

ನನಗೆ ಮಾತ್ರ ಆ ದನಿ ಅಭ್ಯಾಸವಾಗಲೇ ಇಲ್ಲ. ಆಫೀಸಿನವರು ಮನೆಗೆ ಬಂದರೆ ನಾನು ಟೇಬಲ್ಲಿನ ಕೆಳಗಿನಿಂದ ಅವಳ ಕಾಲು ಮುಟ್ಟಿ ಸನ್ನೆ ಮಾಡುತ್ತಿದ್ದೆ. "ಯಾಕ್ರೀ ಕಾಲು ತುಳೀತೀರಿ?" ಎಂದು ಅವಳು ಎಲ್ಲರ ಎದುರು ಕೇಳುತ್ತಿದ್ದಳು. ಆದರೆ ಬಿಲ್ಡಿಂಗಿನವರ ಲೆಕ್ಕಾಚಾರವೇ ಬೇರೆ. ನಮ್ಮಲ್ಲಿ ಬೆಳಗಿನ ಜಾವ ಸ್ವಲ್ಪ ಹೊತ್ತು ಮಾತ್ರ ನಲ್ಲಿಯಲ್ಲಿ ನೀರು. ಅದೂ ಇಂಥ ಹೊತ್ತಿಗೇ ಎಂದಿಲ್ಲ. ಸುಮಂಗಲಾ ಎಲ್ಲರಿಗಿಂತ ಮೊದಲು ಎದ್ದು, ನಲ್ಲಿ ಬುಸುಗುಟ್ಟಿದೊಡನೆ ಗ್ಯಾಲರಿಗೆ ಬಂದು "ನೀರ ಬಂದಾವ!" ಎಂದು ಒಂದೇ ಒಂದು ಸಲ ಕೂಗುತ್ತಿದ್ದಳು. ನಮ್ಮ ಮೈಸೂರಿನಲ್ಲಿ ನೀರು ಬರುತ್ತದೆ. ಅವರ ಗದಗಿನಲ್ಲಿ ನೀರು ಬರುತ್ತಾವೆ. ಅಪರೂಪಕ್ಕೆ ಬರುವವರಿಗೆ ಬಹುವಚನದ ಮರ್ಯಾದೆ ಕೊಡುವುದು ಸಹಜವೇ. ಗುಜರಾತಿ, ಮರಾಠಿ, ತಮಿಳು ಮಾತಾಡುವ ಮನೆಗಳಲ್ಲೆಲ್ಲ ಆ ಎರಡು ಶಬ್ದಗಳು ಕೇಳಿದೊಡನೆ ಬಕೆಟ್ಟುಗಳು ಸದ್ದು ಮಾಡುತ್ತಿದ್ದವು. ಕನ್ನಡದ ಒಂದಕ್ಷರ ಬಾರದವರೂ ಆ ವಾಕ್ಯವನ್ನು ವ್ಯಾಕರಣ ಸಮೇತ ಕಲಿತಿದ್ದರು. ನಾನೊಬ್ಬನೇ ತಲೆದಿಂಬನ್ನು ಕಿವಿಗೆ ಒತ್ತಿಕೊಂಡು ಮಲಗುತ್ತಿದ್ದವನು.

ನಮ್ಮ ಮಗಳು ನೇಹಾ ಹತ್ತನೇ ಕ್ಲಾಸಿನಲ್ಲಿದ್ದಾಗ ಸುಮಂಗಲಾಳ ದನಿ ಒಡೆಯತೊಡಗಿತು. ಮೊದಲು ಶೀತ ಎಂದಳು. ಉಪ್ಪುನೀರು, ಮೆಣಸಿನ ಕಷಾಯ, ವಾರಿಜಕ್ಕ ಕೊಟ್ಟ ಶುಂಠಿಯ ಮದ್ದು ಎಲ್ಲ ಆಯಿತು. ಒಂದು ದಿನ ಶಾಲೆಯಿಂದ ಬಂದವಳು ಬಾಗಿಲಲ್ಲಿ ನಿಂತು ಬಾಯಿ ತೆರೆದಳು. ಹರಿದ ಕಾಗದ ಗಾಳಿಗೆ ಆಡಿದಂಥ ಸದ್ದು ಬಂತು, ಅಷ್ಟೇ. ಗಂಟಲಿನ ಡಾಕ್ಟರು ಪರೀಕ್ಷೆ ಮಾಡಿ, ದನಿಯ ತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ, ಕೂಗಿ ಕೂಗಿ ಆದದ್ದು, ಮೂರು ವಾರ ಒಂದು ಮಾತೂ ಆಡಕೂಡದು, ಪಿಸುಮಾತು ಕೂಡ ಬೇಡ ಎಂದರು. ವಾಸಿಯಾಗದಿದ್ದರೆ ಆಪರೇಷನ್. "ಆಮೇಲೆ ಇದೇ ದನಿ ಬರುತ್ತದೆಂದು ಹೇಳಲಾಗುವುದಿಲ್ಲ," ಎಂದರು. ಅವಳು ತಟ್ಟನೆ ನನ್ನ ಕಡೆ ತಿರುಗಿದಳು. ಅವಳು ಅಷ್ಟು ಹೆದರಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ದನಿಯಿಲ್ಲದ ಟೀಚರನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ? ವಾಪಸು ಬರುವಾಗ ಲೋಕಲ್‌ನಲ್ಲಿ ಲೇಡೀಸ್ ಡಬ್ಬಿ ಬಿಟ್ಟು ನನ್ನ ಜೊತೆಗೇ ಹತ್ತಿ ಕಿಟಕಿಯ ಬಳಿ ಕೂತಳು. ಪಯಣದುದ್ದಕ್ಕೂ ಪರಿಚಯವಿಲ್ಲದವರ ಮಕ್ಕಳ ಹೆಸರು, ಊರು, ಸೊಸೆಯ ಸ್ವಭಾವ ಎಲ್ಲ ಕೇಳಿ ತಿಳಿದುಕೊಳ್ಳುವ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಚಕ್ರಗಳು ಹಳಿಯ ಮೇಲೆ ಮಾಡುವ ಸದ್ದು ನನಗೆ ಅಂದು ಮೊದಲ ಬಾರಿ ಸರಿಯಾಗಿ ಕೇಳಿಸಿತು. ಚೆನ್ನಾಗಿರಲಿಲ್ಲ.

ಮನೆಯಲ್ಲಿ ಮೌನ ಶುರುವಾಯಿತು. ನಾನು ಬಯಸಿದ್ದ ಮೌನವೇ. ಮೊದಲ ಸಂಜೆ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎರಡನೇ ಸಂಜೆ ಅದರಲ್ಲಿ ಓದುವಂಥದ್ದು ಏನೂ ಇಲ್ಲವೆನ್ನಿಸಿತು. ಸುಮಂಗಲಾ ಶಾಲೆಯಿಂದ ಒಂದು ಸ್ಲೇಟು, ಬಳಪ ತಂದಿಟ್ಟುಕೊಂಡಿದ್ದಳು. ಅವಳ ಬರವಣಿಗೆಯೂ ಜೋರೇ. "ಉಪ್ಪು!!" ಎಂಬ ಒಂದೇ ಶಬ್ದ ಸ್ಲೇಟಿನ ತುಂಬಾ ಇರುತ್ತಿತ್ತು. ಬಳಪ ಒತ್ತಿ ಬರೆಯುವಾಗಿನ ಕಿರ್ರೆನ್ನುವ ಸದ್ದಿನಿಂದಲೇ ನನಗೆ ಬೈಗುಳ ಎಷ್ಟು ದೊಡ್ಡದೆಂದು ತಿಳಿಯುತ್ತಿತ್ತು. ಸ್ಲೇಟು ಕೈಗೆ ಸಿಗದಾಗ ಕೈಸನ್ನೆ. ಅದನ್ನು ಅನುವಾದಿಸುವವಳು ನೇಹಾ. "ಅಪ್ಪಾ, ಅಮ್ಮ ಹೇಳ್ತಾಳೆ ಕಿ ನೀನು ಮಾಡಿದ ಭಾಜಿ ಏಕ್‌ದಮ್ ಮಸ್ತ್ ಆಗಿದೆ," ಎನ್ನುವಳು. ಸುಮಂಗಲಾ ಎರಡೂ ಕೈ ಬೀಸಿ ಅಲ್ಲಗಳೆಯುವಳು. "ಅಚ್ಛಾ, ಅಂದ್ರೆ... ಜಲ್ ಗಯಾ ಅಂತೆ, ಸುಟ್ಟಿದೆ. ಮತ್ತೆ ನಿನಗೆ ಅಡುಗೆಮನೆಯಲ್ಲಿ ನೋ ಎಂಟ್ರಿ." ಹೀಗೆ ನಡೆಯುತ್ತಿತ್ತು ಸಂಸಾರ.

ಎರಡು ದಿನ ಕಳೆಯುವುದರೊಳಗೆ ವಾರಿಜಕ್ಕ ಮತ್ತೆ ಮೆಟ್ಟಿಲು ಹತ್ತಿ ಬಂದರು. ಸುಮಂಗಲಾ ಒಳಗೆ ಮಲಗಿದ್ದಳು. "ಎಂತ ಮಾಡಿದ್ರಿ ಟೀಚರಿಗೆ?" ಎಂದು ಬಾಗಿಲಲ್ಲೇ ನನ್ನನ್ನು ಹಿಡಿದರು. "ಸ್ವರವೇ ಇಲ್ಲ! ನೀವು ಮೆಲ್ಲ ಮಾತಾಡುವವರ ಮೇಲೆ ನನಗೆ ಮೊದಲಿಂದ ಡೌಟು." ನಾನು ವಿಷಯ ತಿಳಿಸಿದೆ. ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. "ನಮ್ಮ ಮನೆಯಲ್ಲಿ ಇವತ್ತು ಯಾರೂ ಸ್ನಾನ ಮಾಡ್ಲಿಲ್ಲ ಮಾರಾಯ್ರೆ. ಮೇಲಿನ ಮನೆಯವರೂ ಮಾಡ್ಲಿಲ್ಲ. ನೀರು ಬಂದು ಹೋದದ್ದೇ ಗೊತ್ತಾಗ್ಲಿಲ್ಲ," ಎಂದರು. ಆಮೇಲೆ ಕಣ್ಣೊರೆಸಿಕೊಂಡು, "ಸ್ನಾನ ಹಾಳಾಗಿ ಹೋಗ್ಲಿ. ಟೀಚರ್ ಮೊದಲಿನ ಹಾಗೆ ಆಗ್ಬೇಕು," ಎಂದರು.

ಮರುದಿನ ಬೆಳಗಿನ ಜಾವ ಸುಮಂಗಲಾ ನನ್ನ ಹೊದಿಕೆ ಎಳೆದು ಎಬ್ಬಿಸಿ ಸ್ಲೇಟು ಹಿಡಿದಳು: "ನೀರ ಬಂದಾವ. ಹೋಗಿ ಕೂಗ್ರಿ!" ನಾನು ಗ್ಯಾಲರಿಗೆ ಹೋಗಿ ಕಂಬಿ ಹಿಡಿದು ನಿಂತೆ. ಗಂಟಲು ಸರಿಮಾಡಿಕೊಂಡು, "ನೀರು ಬಂದಿದೆ," ಎಂದೆ. ಎದುರಿಗಿದ್ದ ಪಾರಿವಾಳ ಕೂಡ ತಿರುಗಿ ನೋಡಲಿಲ್ಲ. ಸ್ವಲ್ಪ ಏರಿಸಿ, "ದಯವಿಟ್ಟು ಕೇಳಿ, ನೀರು ಬಂದಿದೆ," ಎಂದೆ. ಹಿಂದೆ ನಿಂತಿದ್ದ ನೇಹಾ ಬಾಯಿಗೆ ದುಪಟ್ಟಾ ತುರುಕಿಕೊಂಡು ನಗುತ್ತಿದ್ದಳು. ಸುಮಂಗಲಾಳಿಗೆ ತಡೆಯಲಾಗಲಿಲ್ಲ. ತಾನೇ ಕೂಗಲು ಬಾಯಿ ತೆರೆದಳು. ಅವಳ ಕುತ್ತಿಗೆಯ ನರ ಉಬ್ಬಿತು. ನನಗೆ ಡಾಕ್ಟರ ಮಾತು ನೆನಪಾಯಿತು. ಅವಳ ಬಾಯಿಗೆ ಕೈ ಅಡ್ಡ ಹಿಡಿದು, ಹೇಗೆ ಬಂತೋ ಗೊತ್ತಿಲ್ಲ, ಹೊಟ್ಟೆಯ ಬುಡದಿಂದ ಕಿರುಚಿದೆ: "ನೀರ ಬಂದಾವ!"

ಮೈಸೂರಿನ ವ್ಯಾಕರಣ ಬಿಟ್ಟು ಗದಗಿನದ್ದೇ ಬಂದಿತ್ತು. ಬಿಲ್ಡಿಂಗಿನ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ಒಬ್ಬರು ಕೈಯಲ್ಲಿ ಕ್ರಿಕೆಟ್ ಬ್ಯಾಟು ಹಿಡಿದು ಬಂದಿದ್ದರು, ಕಳ್ಳ ಹೊಕ್ಕಿದ್ದಾನೆಂದುಕೊಂಡರಂತೆ. ಕಳ್ಳ ಬಂದಿಲ್ಲ, ಕೂಗಿದವನು ಟೀಚರ ಗಂಡ, ಕೂಗಿದ್ದು ನೀರಿಗೆ ಎಂದು ತಿಳಿದಾಗ ಗ್ಯಾಲರಿಯ ಈ ತುದಿಯಿಂದ ಆ ತುದಿಯವರೆಗೆ ನಗು ಹರಡಿತು. ಬಕೆಟ್ಟುಗಳು ಸದ್ದು ಮಾಡಿದವು. ಕೆಳಗಿನಿಂದ ವಾರಿಜಕ್ಕ, "ಶಾಭಾಸ್ ಮಾರಾಯ್ರೆ! ನಾಳೆಯೂ ಹೀಗೇ ಬರ್ಲಿ!" ಎಂದು ಕೂಗಿದರು. ಒಂದು ವಿಷಯ ಹೇಳಲೇಬೇಕು: ನನಗೆ ಬಹಳ ಸುಖವಾಗಿತ್ತು. ಇಷ್ಟು ಜನರನ್ನು ಒಂದೇ ಉಸಿರಿಗೆ ಹಾಸಿಗೆಯಿಂದ ಎಬ್ಬಿಸಿ, ಅವರ ಬೆಳಗನ್ನು ಶುರುಮಾಡಿಕೊಡುವ ಸುಖ. ಇದನ್ನು ಅವಳು ದಿನವೂ ಅನುಭವಿಸುತ್ತಿದ್ದಳಲ್ಲ, ನಾನು ದಿಂಬಿನ ಕೆಳಗೆ ಕಿವಿ ಇಟ್ಟುಕೊಂಡಿದ್ದೆನಲ್ಲ ಎನ್ನಿಸಿತು. ಆ ಮೂರು ವಾರ ಮುಗಿಯುವವರೆಗೂ ದಿನಾ ಕೂಗಿದೆ. ಕೊನೆಕೊನೆಗೆ ರಾಗ ಕೂಡ ಸೇರಿಸುತ್ತಿದ್ದೆ.

ಮೌನದ ದಿನಗಳು ಮುಗಿಯುತ್ತಾ ಬಂದಿದ್ದವು. ಒಂದು ಸಂಜೆ ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ಸುಮಂಗಲಾ ಬಾಗಿಲಿಗೆ ಒರಗಿ ಬಹಳ ಹೊತ್ತಿನಿಂದ ನಿಂತಿದ್ದಳೆಂದು ಕಾಣುತ್ತದೆ. ನಾನು ತಲೆಯೆತ್ತಿದಾಗ ಸ್ಲೇಟು ಮುಂದೆ ಮಾಡಿದಳು. ಅಷ್ಟು ಸಣ್ಣ ಅಕ್ಷರಗಳನ್ನು ಅವಳು ಎಂದೂ ಬರೆದಿರಲಿಲ್ಲ. ಕನ್ನಡಕ ಹಾಕಿಕೊಂಡು ಓದಬೇಕಾಯಿತು. "ನೀವು ಕೆಲಸ ಮಾಡೂಮುಂದ ಸಣ್ಣಗ ಹಾಡ್ತೀರಿ. ಭಾಳ ಛಂದ ಹಾಡ್ತೀರಿ. ಇಷ್ಟ ವರ್ಷ ನನಗ ಕೇಳಿಸೇ ಇದ್ದಿಲ್ಲ." ನಾನು ಹಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಸ್ಲೇಟನ್ನು ಈರುಳ್ಳಿ ಬುಟ್ಟಿಯ ಮೇಲಿಟ್ಟು ಮತ್ತೆ ಹುರುಳಿಕಾಯಿ ಹೆಚ್ಚಿದೆ. ಅವಳು ಸ್ಟೂಲು ಎಳೆದುಕೊಂಡು ಕೂತು, ಹಾಡಿ ಎಂದು ಸನ್ನೆ ಮಾಡಿದಳು. ಹೇಳಿಸಿಕೊಂಡು ಹಾಡಲು ನನಗೆ ಬರಲಿಲ್ಲ. ಆದರೂ ಅವಳು ಕಾಯುತ್ತಾ ಕೂತಿದ್ದಳು. ಪಲ್ಯಕ್ಕೆ ಒಗ್ಗರಣೆ ಬೀಳುವ ಹೊತ್ತಿಗೆ ಅದು ತಾನಾಗಿ ಬಂತು.

ಮೂರು ವಾರ ಕಳೆದು ಡಾಕ್ಟರು ನೋಡಿ, ಗಂಟುಗಳು ಕರಗಿವೆ, ಆಪರೇಷನ್ ಬೇಕಿಲ್ಲ ಎಂದರು. "ನಿಮ್ಮ ಹೆಸರು ಹೇಳಿ ನೋಡೋಣ," ಎಂದರು. "ಸುಮಂಗಲಾ," ಎಂದಳು ಅವಳು. ಒಂದಿಷ್ಟು ಒರಟಾದ, ತಗ್ಗಿದ, ಹೊಸ ದನಿ. ತನ್ನ ದನಿಗೆ ತಾನೇ ಬೆಚ್ಚಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಇಬ್ಬರ ಕಣ್ಣೂ ತುಂಬಿದ್ದವು. ಡಾಕ್ಟರು ಮರ್ಯಾದಸ್ಥರು, ಕಾಗದ ಹುಡುಕುವವರಂತೆ ಡ್ರಾಯರು ತೆರೆದರು. ಅವಳು ಶಾಲೆಗೆ ಮರಳಿದಳು. ಡಾಕ್ಟರ ಕಟ್ಟಪ್ಪಣೆಯಂತೆ ರೈಲು ಹೋಗುವಾಗ ಪಾಠ ನಿಲ್ಲಿಸುವುದನ್ನೂ ಕಲಿತಳು. ಬಿಲ್ಡಿಂಗಿನವರ ಒತ್ತಾಯಕ್ಕೆ ನೀರಿನ ಖಾತೆ ಮಾತ್ರ ನನ್ನಲ್ಲೇ ಉಳಿಯಿತು.

ಈಗ ಆ ಬಿಲ್ಡಿಂಗ್ ಇಲ್ಲ. ಶಾಲೆಯನ್ನೂ ಮಕ್ಕಳು ಸಾಲದೆ ಮುಚ್ಚಿದರು. ವಾರಿಜಕ್ಕ ಉಡುಪಿಗೆ ಹೋದರು. ನಾವು ಭಾಂಡುಪ್‌ನ ಎತ್ತರದ ಟವರೊಂದರಲ್ಲಿದ್ದೇವೆ. ದಿನವಿಡೀ ನಲ್ಲಿಯಲ್ಲಿ ನೀರು, ಕಿಟಕಿಗೆ ದಪ್ಪ ಗಾಜು. ಪಕ್ಕದ ಮನೆಯವರು ಯಾರೆಂದು ಲಿಫ್ಟಿನಲ್ಲಿ ಸಿಕ್ಕರೆ ಮಾತ್ರ ತಿಳಿಯುತ್ತದೆ. ಸುಮಂಗಲಾ ಆ ತಗ್ಗಿದ ದನಿಯಲ್ಲೇ ಮಾತಾಡುತ್ತಾಳೆ. "ಹಸಿ ಟವೆಲ್ ಹಾಸಿಗಿ ಮ್ಯಾಲ ಹಾಕಬ್ಯಾಡ್ರಿ," ಎನ್ನುತ್ತಾಳೆ. ನಾನು "ಏನಂದೆ?" ಎನ್ನುತ್ತೇನೆ. ಮತ್ತೊಮ್ಮೆ ಹೇಳುತ್ತಾಳೆ. ನಾನು ಮತ್ತೆ "ಏನು?" ಎನ್ನುತ್ತೇನೆ. ಮೂರನೇ ಸಲಕ್ಕೆ ಸಿಟ್ಟು ಏರಿ, ಆ ಹಳೆಯ ಗದಗಿನ ದನಿ ಅರ್ಧ ಕ್ಷಣ ಹೊರಗೆ ಬಂದು ಮನೆಯ ಗಾಜುಗಳನ್ನೆಲ್ಲ ಮುಟ್ಟಿ ಹೋಗುತ್ತದೆ. ಆಗ ನಾನು ಟವೆಲ್ ಎತ್ತಿಡುತ್ತೇನೆ.

ಇದನ್ನು ನೋಡಿ ನೋಡಿ ನೇಹಾಳಿಗೆ ಆತಂಕವಾಗಿದೆ. "ಅಪ್ಪಾ, ನಿನಗೆ ಠೀಕ್ ಸೇ ಕೇಳಿಸ್ತಿಲ್ಲ, ಟಾಲಬೇಡ, ಮುಂದೆ ಹಾಕಬೇಡ," ಎಂದು ಅಂಧೇರಿಯಲ್ಲಿ ತನ್ನ ಆಫೀಸಿನ ಹತ್ತಿರದ ಕಿವಿ ಡಾಕ್ಟರಲ್ಲಿ ಈ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳೆ. ಸುಮಂಗಲಾ ಕೂಡ ಜೊತೆಗೆ ಬರುತ್ತಾಳಂತೆ. ಏನೇನೋ ಯಂತ್ರ ಹಚ್ಚಿ, ತೀರಾ ಸಣ್ಣ ಸದ್ದುಗಳನ್ನು ಕೇಳಿಸಿ ಪರೀಕ್ಷೆ ಮಾಡುತ್ತಾರೆಂದು ಕೇಳಿದ್ದೇನೆ. ಪರೀಕ್ಷೆಗೆ ನಾನು ಹೆದರಿದವನಲ್ಲ. ಹೆಂಡತಿಯ ಎದುರೇ ಪೂರ್ತಿ ಅಂಕ ಬಂದುಬಿಟ್ಟರೆ ಏನು ಗತಿ ಎಂಬುದೊಂದೇ ಚಿಂತೆ.