ಗುಡಿಸಿಹೋದ ನಷ್ಟವನ್ನು ಕುರಿತು

ಮಾನ್ಯ ಬೆಳೆ ನಷ್ಟ ಪರಿಶೀಲನಾಧಿಕಾರಿಗಳ ಸನ್ನಿಧಾನಕ್ಕೆ,

ಮಂಡಿಕಲ್ ಕಡೆಯ ಮೂವತ್ತು ಗುಂಟೆ ಸೇವಂತಿಗೆ ತೋಟದ ಮಧುಸೂದನ್ ಆರಡಿ ಅಂತರದಿಂದ ಮಾಡುವ ನಮಸ್ಕಾರಗಳು. ತಾವು, ತಮ್ಮ ಜೀಪು ಹಾಗೂ ತಮ್ಮ ಸ್ಯಾನಿಟೈಸರ್ ಬಾಟಲಿ ಮೂವರೂ ಕ್ಷೇಮವೆಂದು ನಂಬಿದ್ದೇನೆ.

ಮಾನ್ಯರೇ, ಲಾಕ್‌ಡೌನಿನಲ್ಲಿ ಮಾರುಕಟ್ಟೆ ಮುಚ್ಚಿ, ಮದುವೆಗಳು ಮುಂದಕ್ಕೆ ಹೋಗಿ, ದೇವರುಗಳೇ ಬಾಗಿಲು ಹಾಕಿಕೊಂಡು ಕುಳಿತಾಗಲೂ, ಆದೇಶದ ಪ್ರತಿ ತಲುಪದ ಕಾರಣ ನಮ್ಮ ಸೇವಂತಿಗೆ ಮಾತ್ರ ಅರಳುತ್ತಲೇ ಇತ್ತು. ಕೊಳ್ಳುವವರಿಲ್ಲದೆ ಗಿಡದಲ್ಲೇ ಕೊಳೆಯಿತು. ಹಾರವಾಗದ ಹೂವಿಗೆ ಪರಿಹಾರ ಕೊಡುತ್ತಾರೆಂದು ತಿಳಿದಾಗ, ಹಾರಕ್ಕಿಂತ ಎರಡಕ್ಷರ ಹೆಚ್ಚೇ ಸಿಗುತ್ತಿದೆಯಲ್ಲ ಎಂದು ನಾನು ಹಿಗ್ಗಿದ್ದು ನಿಜ.

ನಷ್ಟವನ್ನು ಕಣ್ಣಾರೆ ಕಾಣಲು ಸೋಮವಾರ ತಾವೇ ಬರುವಿರೆಂದು ಊರಿನ ಕೋನಪ್ಪ ಭಾನುವಾರ ಬೆಳಗ್ಗೆ ಹೇಳಿಹೋದರು. ನಾನು ಸಸಿ ವಿಚಾರಿಸಲು ಚಿಂತಾಮಣಿಗೆ ಹೋಗಿ ಸಂಜೆ ಬಂದು ನೋಡಿದರೆ, ತೋಟದಲ್ಲಿ ಕೊಳೆತ ಹೂವಿಲ್ಲ, ಒಣಗಿದ ಗಿಡವಿಲ್ಲ, ನೆಲವೆಲ್ಲ ಗುಡಿಸಿ ನೀರು ಚಿಮುಕಿಸಿದೆ, ದಾರಿಯ ಬಾಯಲ್ಲಿ ರಂಗೋಲಿ. ತೋಟದ ಖಾತೆದಾರರೂ ಆದ ನನ್ನ ತಾಯಿ ಕದಿರಮ್ಮ ಇಬ್ಬರು ಆಳುಗಳನ್ನು ಕಟ್ಟಿಕೊಂಡು ದಿನವಿಡೀ ದುಡಿದಿದ್ದರು. ನಾನು ತಲೆ ಮೇಲೆ ಕೈಹೊತ್ತು ಕುಳಿತರೆ, “ದೊಡ್ಡೋರು ಬರ್ತಾವ್ರೆ ಕಣಪ್ಪ, ತೋಟ ಕೊಳ್ತು ನಾರ್ತಿದ್ರೆ ನಮ್ಗೆ ಮರ್ವಾದೆ ಇರ್ತದಾ?” ಎಂದು ನನ್ನನ್ನೇ ಗದರಿದರು.

ಮರುದಿನ ತಾವು ಜೀಪಿನಿಂದ ಇಳಿದು, “ಎಲ್ಲಿದೆಯಮ್ಮ ನಷ್ಟ? ಇಷ್ಟು ನೀಟಾಗಿದೆಯಲ್ಲ!” ಎಂದಿರಿ. ಅಮ್ಮ ಅದನ್ನು ಹೊಗಳಿಕೆಯೆಂದು ತಿಳಿದು, “ಎಲ್ಲಾ ನಾನೇ ಮಾಡಿದ್ದು ಸಾರ್” ಎಂದು ನಾಚಿ ನಕ್ಕು, ಮಜ್ಜಿಗೆ ತಂದುಕೊಟ್ಟರು. ತಾವು ಮಜ್ಜಿಗೆ ಮುಗಿಸಿ ವರದಿ ಬರೆದಿರಿ: ‘ಗಿಡಗಳನ್ನು ತಾವೇ ಕಿತ್ತಿರುವುದಾಗಿ ಖಾತೆದಾರರು ಒಪ್ಪಿಕೊಂಡಿರುತ್ತಾರೆ. ನಷ್ಟ ಕಂಡುಬರುವುದಿಲ್ಲ.’ ನಾನು ನಡುವೆ ಬಾಯಿ ಹಾಕಿದ್ದಕ್ಕೆ ಮಾಸ್ಕ್ ಸರಿಯಾಗಿ ಏರಿಸಿಕೊಳ್ಳಲು ಹೇಳಿದಿರಿ. ಏರಿಸಿಕೊಂಡೆ; ಬಾಯಿ ಮುಚ್ಚಿತು. ಹೂ ತೋರಿಸಿದ್ದರೆ ಹ್ಞೂಂ ಎನ್ನುತ್ತಿದ್ದಿರೇನೋ, ಬರೀ ನೆಲ ತೋರಿಸಿದೆವು.

ಕಾಣದ್ದನ್ನು ಕಾಣಲಿಲ್ಲವೆಂದೇ ಬರೆದ ತಮ್ಮ ಸತ್ಯನಿಷ್ಠೆಗೆ ತಾಲ್ಲೂಕೇ ತಲೆಬಾಗಬೇಕು. ಆದರೂ ನಮ್ಮಂಥ ಅನನುಭವಿಗಳಿಗಾಗಿ ಮುಂದಿನ ಸಾಂಕ್ರಾಮಿಕಕ್ಕೆ ಮುಂಚೆಯೇ ಮೂರು ದಿನದ ನಷ್ಟ ಸಂರಕ್ಷಣಾ ತರಬೇತಿ ಏರ್ಪಡಿಸಿ, ಊಟದ ವ್ಯವಸ್ಥೆಯನ್ನೂ ಮಾಡಬೇಕಾಗಿ ಕೋರುತ್ತೇನೆ. ಹೂವಿಗಾಗಿ ನಾವು ಬೇಡಿ ಬೇಡಿ ಸಾಕಾದ ಶೈತ್ಯಾಗಾರವನ್ನು ಕಡೇಪಕ್ಷ ಕೊಳೆತ ಹೂವಿಗಾದರೂ ಕಟ್ಟಿಸಿಕೊಡಿ. ತಾವು ಬರುವವರೆಗೆ ನಷ್ಟ ತಾಜಾ ಆಗಿರುತ್ತದೆ. ಅಲ್ಲದೆ, ಅಧಿಕಾರಿಗಳು ಬರುವಾಗ ಮನೆ ಮುಂದೆ ಎಷ್ಟು ಕಸ ಇರಬೇಕೆಂದು ಬುಟ್ಟಿಯ ಲೆಕ್ಕದಲ್ಲಿ ಒಂದು ಸುತ್ತೋಲೆ ಹೊರಡಿಸಿ.

ಫಲಾನುಭವಿಗಳ ಪಟ್ಟಿ ಶುಕ್ರವಾರ ಮುಚ್ಚುತ್ತದೆ. ಪರಿಹಾರದ ಹಣ ನಂಬಿ ನರ್ಸರಿಯವರು ಸಸಿ ಕಾದಿಟ್ಟಿರುವುದೂ ಅಲ್ಲಿಯವರೆಗೇ. ಅಷ್ಟರೊಳಗೆ ತಾವು ಇನ್ನೊಮ್ಮೆ ಪರಿಶೀಲಿಸದಿದ್ದರೆ ಈ ಸಲ ತೋಟ ಖಾಲಿ. ಅಮ್ಮ ಅನ್ನದ ತಟ್ಟೆ ಮುಂದೆ ಕೂತು, “ನನ್ ಕೈಯಾರೆ ಹಾಳ್ಮಾಡ್ದೆ ಕಣಪ್ಪ” ಎಂದು ಎದ್ದುಹೋಗುತ್ತಾರೆ. ಇದನ್ನು ತಮಾಷೆಯಾಗಿ ಬರೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ, ಕ್ಷಮೆಯಿರಲಿ.

ನಷ್ಟವೇ ಆಗಿಲ್ಲವೆಂದು ಸರ್ಕಾರಿ ಮೊಹರಿನೊಂದಿಗೆ ಸಾಬೀತಾಗಿರುವ,
ತಮ್ಮ ವಿಶ್ವಾಸಿ,
ಮಧುಸೂದನ್

ಮರೆತಿದ್ದ ಮಾತು: ಕಿತ್ತ ಗಿಡ, ಕೊಳೆತ ಹೂ ಎಲ್ಲವೂ ತಿಪ್ಪೆಯಲ್ಲಿ ಸುರಕ್ಷಿತವಾಗಿವೆಯೆಂದು ಈಗಷ್ಟೇ ತಿಳಿಯಿತು. “ಪಾಪ, ಆವಯ್ಯ ಎಷ್ಟ್ ಸಲ ಬರ್ತಾನೆ, ನಾವೇ ತಗೊಂಡೋಗಣ” ಎನ್ನುತ್ತ ಅಮ್ಮ ಹನ್ನೊಂದು ಚೀಲ ತುಂಬಿಸಿ ಟೆಂಪೊಗೆ ಹೇರಿಸಿದ್ದಾರೆ. ನಾಳೆ ಹತ್ತೂವರೆಗೆ ನಷ್ಟ ತಮ್ಮ ಮೇಜಿನ ಮೇಲಿರುತ್ತದೆ. ದಯವಿಟ್ಟು ಎರಡು ಮಾಸ್ಕ್ ಹಾಕಿಕೊಂಡು ಕುಳಿತಿರಿ. ಕೊರೊನಾ ಸಲುವಾಗಿ ಅಲ್ಲ.