ಪೆಟ್ಟಿಗೆಗೆ ಬೇಕಾದ ಗಾಳಿ

ಮನೆಯಲ್ಲಿ ಏನು ಕೊರತೆಯಿದೆ ಎಂದು ಹೆಂಡತಿ ಹೇಳಿದರೆ ಅದು ಗೊಣಗಾಟ, ಯಂತ್ರ ಹೇಳಿದರೆ ತುರ್ತು ಕೆಲಸ. ಇದು ಎಲ್ಲ ಗಂಡಸರ ಸ್ವಭಾವವೋ ಅಥವಾ ತಾಂಡೂರಿನಲ್ಲಿ ಹಾಸುಗಲ್ಲು ಮಾರುವ ನನ್ನೊಬ್ಬನದೋ ಗೊತ್ತಿಲ್ಲ. ಕೊಡಂಗಲ್‌ವರೆಗೂ ಊರವರ ಮನೆಗಳಿಗೆ ನೆಲ ಹಾಸಿಕೊಟ್ಟಿದ್ದೇನೆ. ನಮ್ಮ ಅಡುಗೆಮನೆಗೆ ಮಾತ್ರ ಕಿಟಕಿಯಿಲ್ಲ. ಗೃಹಪ್ರವೇಶದ ದಿನ ಹಾಲು ಉಕ್ಕಿಸುವಾಗಲೇ ನನ್ನ ಹೆಂಡತಿ ಮಹಾದೇವಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಇಲ್ಲೊಂದು ಕಿಟಕಿ ಬೇಕು ಎಂದಿದ್ದಳು. “ಮಾಡಸೂಣ ತಗೋ” ಎಂದಿದ್ದೆ. ಆ ಮಾತಿಗೆ ಈಗ ಓಟು ಹಾಕುವ ವಯಸ್ಸು ದಾಟಿದೆ.

ಮೊನ್ನೆ ಜಹೀರಾಬಾದಿನಿಂದ ಬಂದಿದ್ದ ತಂಗಿಯ ಮಗಳು, ಪಡಸಾಲೆಯ ಮೂಲೆಯಲ್ಲಿ ನಾನು ಬಿಲ್ಲು ಬರೆಯುವ ಹಳೆಯ ಕಂಪ್ಯೂಟರಿಗೆ ಮಹಾದೇವಿಗೆಂದು ಒಂದು ಆಟ ಹಾಕಿಕೊಟ್ಟು ಹೋದಳು. ಅದರಲ್ಲಿ ಹೊಡೆದಾಟವಿಲ್ಲ. ಮನೆ ಕಟ್ಟಿ, ಗಂಡ ಹೆಂಡತಿಯನ್ನು ಒಳಗಿಟ್ಟು, ಉಣಿಸಿ, ಮಲಗಿಸಿ ಸಂಸಾರ ಮಾಡಿಸಬೇಕು. ದಿನವಿಡೀ ಅದನ್ನೇ ಮಾಡುವವಳಿಗೆ ಮತ್ತೆ ಅದೇ ಆಟವೇಕೆ ಎಂದುಕೊಂಡೆ. ಮಹಾದೇವಿ ಮಾತ್ರ ಮಧ್ಯಾಹ್ನವೆಲ್ಲ ಕೂತು ಕಟ್ಟಿದಳು. ಮನೆ ಮುಗಿಯುವಷ್ಟರಲ್ಲಿ ಛಾವಣಿ ಮಾಯವಾಯಿತು, ಆಟದ ಗಂಡ ಒಂದು ಕಾಲೆತ್ತಿಕೊಂಡು ನಿಂತೇಬಿಟ್ಟ, ಕಂಪ್ಯೂಟರ್ ಬಂದ್ ಆಯಿತು. ಅವಳ ಮುಖ ನೋಡಿ ನನಗೆ ನಿಜಕ್ಕೂ ಪಾಪ ಅನ್ನಿಸಿತು.

ಸ್ಟೇಷನ್ ರಸ್ತೆಯ ರಿಪೇರಿ ಖಲೀಲನನ್ನು ಕರೆಸಿದೆ. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಕಲ್ಲಿನ ಧೂಳು ಊದಿ, “ಸಾವ್ಕಾರ್ರೆ, ಇದರಾಗ ಬಿಲ್ ಬರೀಬೌದು, ಸಂಸಾರ ನಡ್ಯಂಗಿಲ್ಲ” ಎಂದ. ರ‍್ಯಾಮ್ ಸಾಲದಂತೆ, ಹಾರ್ಡ್ ಡಿಸ್ಕ್ ಮುದಿಯಾಗಿದೆಯಂತೆ, ಗ್ರಾಫಿಕ್ಸ್ ಕಾರ್ಡ್ ಇಲ್ಲವೇ ಇಲ್ಲವಂತೆ. ಎಲ್ಲವನ್ನೂ ಹಾಕಿಸಿದೆ. ಹೊರಡುವಾಗ ಅವನು ಇನ್ನೊಂದು ಮಾತು ಹೇಳಿದ. ಈ ಕಾರ್ಡು ಬಿಸಿಯಾಗುತ್ತದೆ, ಹೀಗೆ ಗಾಳಿಯಾಡದ ಮೂಲೆಯಲ್ಲಿಟ್ಟರೆ ಬಾಳಿಕೆ ಬರುವುದಿಲ್ಲ ಎಂದು. ಮರುದಿನವೇ ಮೇಸ್ತ್ರಿಯನ್ನು ಕರೆಸಿ, ಆ ಮೂಲೆಯ ಗೋಡೆ ಒಡೆಸಿ, ಕಿಟಕಿ ಇಡಿಸಿದೆ. ಅದರ ಕೆಳಗೆ ಪಾಲಿಶ್ ಮಾಡಿದ ನೀಲಿ ಕಲ್ಲಿನ ಕಟ್ಟೆ ಕಟ್ಟಿಸಿ ಕಂಪ್ಯೂಟರ್ ಕೂರಿಸಿದೆ.

ಮಹಾದೇವಿ ಆಟ ಹಚ್ಚಿದಳು. ಛಾವಣಿ ನಿಂತಿತು, ಗಂಡ ಕಾಲಿಳಿಸಿದ. ಅವಳು ಕಟ್ಟಿದ್ದ ಅಡುಗೆಮನೆಗೆ ಮೂರು ಕಿಟಕಿ.

“ಪೆಟ್ಟಿಗಿಗಿ ಗಾಳಿ ಬೇಕಂತ ಒಂದ ದಿನದಾಗ ತಿಳೀತಲ್ರಿ ನಿಮಗ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎದುರುತ್ತರ ಕೊಟ್ಟು ಪಾರಾಗುತ್ತಿದ್ದೆ.

ಮರುದಿನ ಅಂಗಡಿಯಿಂದ ಬಂದಾಗ ಹೊಸ ಕಿಟಕಿಯ ಕೆಳಗೆ, ನೀಲಿ ಕಲ್ಲಿನ ಮೇಲೆ ಗ್ಯಾಸ್ ಒಲೆ ಇತ್ತು. ಮಹಾದೇವಿ ತಂಗಾಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಂಪ್ಯೂಟರ್ ಹಳೆಯ ಅಡುಗೆಮನೆ ಸೇರಿತ್ತು. ಅಲ್ಲೇ ಕೂತು ಬಿಲ್ಲು ಬರೆಯತೊಡಗಿದೆ. ಅರ್ಧ ಬಿಲ್ಲಿಗೇ ಅಂಗಿ ಒದ್ದೆಯಾಯಿತು. ಬೆವರು ಒರೆಸಿಕೊಳ್ಳುತ್ತ, ಇಲ್ಲೊಂದು ಕಿಟಕಿ ಬೇಕೇ ಬೇಕು ಎಂದು ಅಲ್ಲಿಂದಲೇ ಕೂಗಿದೆ.

ರೊಟ್ಟಿ ಬಡಿಯುವ ಸದ್ದು ನಿಲ್ಲಲೇ ಇಲ್ಲ.

“ಮಾಡಸೂಣ ತಗೋರಿ” ಎಂದಳು ಮಹಾದೇವಿ.